ಕೊಕ್ಕರೆಯ ಎರಡು ತಿರುಪು

ಕೊಕ್ಕರೆಯನ್ನು ಮಾರಿಬಿಡುವುದೆಂದು ಅಮ್ಮ, ಅತ್ತೆ ಇಬ್ಬರೂ ತೀರ್ಮಾನಿಸಿದ್ದು ಕೂತು ಮಾತಾಡಿ ಅಲ್ಲ. ಬಾಗಿಲಲ್ಲಿ ಅಮ್ಮ ಚಪ್ಪಲಿ ಮೆಟ್ಟುತ್ತಿದ್ದಳು, ಅತ್ತೆ ಚಪ್ಪಲಿ ಬಿಡುತ್ತಿದ್ದಳು.

"ಇದರ ಕಥೆ ಮುಗೀತು ಅನ್ಸುತ್ತೆ ಕಣೇ," ಅಂದಳು ಅಮ್ಮ.

"ನಂಗೂ ಹಂಗೇ ಅನ್ಸಿತ್ತು ಅತ್ತಿಗೆ. ನೀವೇ ಹೇಳ್ಲಿ ಅಂತ ಸುಮ್ನಿದ್ದೆ."

ಅಷ್ಟೇ. ಹಳೆ ಮಷಿನ್ ಕೊಳ್ಳುವ ಮೆಕ್ಯಾನಿಕ್‌ಗೆ ಫೋನೂ ಹೋಯಿತು. ನಾಳೆ ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದ.

ಕೊಕ್ಕರೆ ಅಂದರೆ ನಮ್ಮ ರಜಾಯಿ ಹೊಲಿಯುವ ಮಷಿನ್. ಕತ್ತು ಅಷ್ಟುದ್ದ, ಅದಕ್ಕೇ ಆ ಹೆಸರು. ಮಾಮೂಲಿ ಮಷಿನ್‌ನಲ್ಲಿ ಬಟ್ಟೆ ಓಡುತ್ತದೆ, ಇದರಲ್ಲಿ ಬಟ್ಟೆ ನಿಂತಿರುತ್ತದೆ, ಮಷಿನ್ನೇ ಓಡುತ್ತದೆ. ಮೇಲಿನ ಬಟ್ಟೆ, ನಡುವೆ ಹತ್ತಿ, ಕೆಳಗೆ ಅಸ್ತರು, ಮೂರನ್ನೂ ಚೌಕಟ್ಟಿನ ಉರುಳೆಗಳಿಗೆ ಎಳೆದು ಕಟ್ಟಿ, ಮಷಿನ್ನಿನ ಹಿಡಿ ಹಿಡಿದು ಹಳಿಯ ಮೇಲೆ ನಡೆಸಬೇಕು. ಕೈ ಬಳ್ಳಿ ಬರೆದರೆ ಬಟ್ಟೆಯ ಮೇಲೆ ಬಳ್ಳಿ, ಅಲೆ ಬರೆದರೆ ಅಲೆ. ನನಗೆ ಅದರ ಹುಚ್ಚು. ಓದು ಮುಗಿದ ಮೇಲೆ ಅದನ್ನೇ ಹಿಡಿಯುತ್ತೇನೆ ಅಂದುಕೊಂಡವಳು ನಾನು, ಓದು ಈಗಷ್ಟೇ ಮುಗಿದಿತ್ತು. ಅದು ಹೋದರೆ ನನಗೆ ಉಳಿಯುವುದು ಚಿಕ್ಕಪ್ಪ ಗೊತ್ತು ಮಾಡಿಟ್ಟಿರುವ ಔಷಧಿ ಅಂಗಡಿಯ ಸ್ಟೂಲು.

ಬೆಳಗ್ಗೆ ಮಷಿನ್ ಅಮ್ಮನದು. ಮಧ್ಯಾಹ್ನ ಅವಳು ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತಾಳೆ, ಅದೇ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿದ ಅತ್ತೆ, ಅಂದರೆ ಅಪ್ಪನ ತಂಗಿ, ಬಂದು ಮಷಿನ್ ಹಿಡಿಯುತ್ತಾಳೆ. ಅಮ್ಮ ವಾಪಸು ಬರುವಷ್ಟರಲ್ಲಿ ಅತ್ತೆ ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ಒಂದೇ ಮನೆ, ಒಂದೇ ಲಾಂಡ್ರಿ, ಒಂದೇ ಮಷಿನ್. ಭೇಟಿ ಮಾತ್ರ ಹೊಸಿಲಲ್ಲಿ. ಅಲ್ಲೂ "ಬಂದ್ಯಾ", "ಹೊರಟ್ರಾ" ಬಿಟ್ಟರೆ ಮೂರನೇ ಮಾತಿಗೆ ಇಬ್ಬರಲ್ಲೂ ಉಸಿರಿರುವುದಿಲ್ಲ.

ಕೆಲವು ವಾರಗಳಿಂದ ಕೊಕ್ಕರೆ ದಾರ ಕಡಿಯುತ್ತಿತ್ತು. ಬಟ್ಟೆ ಒಣಗಿದ ಎಲೆಯ ಹಾಗೆ ಮುದುಡುತ್ತಿತ್ತು. ದಾರ ಕಡಿಯದಿರಲಿ ಎಂದು ಅಮ್ಮ ಹೊಲಿಗೆ ಉದ್ದ ಮಾಡುತ್ತಿದ್ದಳು. ಇಷ್ಟುದ್ದ ಹೊಲಿಗೆ ಕಾಲ್ಬೆರಳಿಗೆ ಸಿಕ್ಕಿಕೊಂಡೀತು ಎಂದು ಅತ್ತೆ ಗಿಡ್ಡ ಮಾಡುತ್ತಿದ್ದಳು. ಗಿಡ್ಡ ಮಾಡಿದರೆ ಬಟ್ಟೆ ಇನ್ನಷ್ಟು ಮುದುಡಿಕೊಳ್ಳುತ್ತಿತ್ತು.

ಕೊನೆಯ ಬೆಳಗ್ಗೆ ನಾನು ಎಲ್ಲೂ ಹೋಗದೆ ಮಷಿನ್ ಕೋಣೆಯಲ್ಲೇ ಕೂತೆ. ಗಿರಾಕಿಯ ರಜಾಯಿ ಅರ್ಧ ಉಳಿದಿತ್ತು. ಅಮ್ಮ ಒಂದು ಸಾಲು ಓಡಿಸಿ, ಬಗ್ಗಿ, ಅಸ್ತರಿನ ಅಡಿಗೆ ಕೈ ಹಾಕಿ ಸವರಿದಳು.

"ನೋಡು, ಮೇಲಿನ ದಾರ ಕೆಳಗೆ ಎಳ್ಕೊಂಡ್ ಹೋಗಿದೆ," ಎಂದು ಮೇಲಿನ ದಾರದ ತಿರುಪನ್ನು ಬಿಗಿ ಮಾಡಿದಳು. "ದಿನಾ ಇದೇ ಗೋಳು. ಮುದಿ ಮಷಿನ್ನು. ಬೆಳಗಾಗೋದ್ರಲ್ಲಿ ಸಡಿಲ ಆಗಿರುತ್ತೆ."

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ನಿನ್ನೆ ಮಧ್ಯಾಹ್ನ ಇದೇ ಜಾಗದಲ್ಲಿ ಅತ್ತೆ ಇದನ್ನೇ ತಿರುಗಾಮುರುಗಾ ಹೇಳಿದ್ದಳು. ಕೆಳಗಿನ ದಾರ ಮೇಲೆ ಬಂದು ಇಣುಕುತ್ತಿದೆ, ಮಧ್ಯಾಹ್ನ ಆಗೋದ್ರಲ್ಲಿ ಸಡಿಲ ಆಗಿರುತ್ತೆ ಎಂದು. ಹೇಳುತ್ತಲೇ, ಕೆಳಗಿನ ದಾರದ ಉಂಡೆ ಕೂರುವ ಬಾಬಿನ್ ಕೇಸಿನ ಎಳ್ಳುಕಾಳಿನಷ್ಟು ತಿರುಪಿಗೆ ಸ್ಕ್ರೂಡ್ರೈವರ್ ಹಾಕಿ ಬಿಗಿ ಮಾಡಿದ್ದಳು.

ಬಾಬಿನ್ ಕೇಸು ಹೊರಗೆ ತೆಗೆದು ದಾರ ಹಿಡಿದು ತೂಗಿಬಿಟ್ಟೆ. ಮೆಲ್ಲಗೆ ಕುಲುಕಿದರೆ ಅದು ಜೇಡ ಇಳಿದ ಹಾಗೆ ಒಂದಿಷ್ಟು ಇಳಿಯಬೇಕು. ಇಳಿಯಲಿಲ್ಲ. ಬಾವಲಿ ಹಾಗೆ ನೇತಾಡಿತು, ಅಷ್ಟು ಬಿಗಿ.

"ಅಮ್ಮಾ, ಇದರ ತಿರುಪು ನೀನು ಮುಟ್ತೀಯಾ?"

"ಅದನ್ಯಾಕೆ ಮುಟ್ಲಿ? ಅದು ಮುಟ್ಟೋದಲ್ಲ."

"ಅತ್ತೆ ಮುಟ್ತಾಳೆ. ದಿನಾ."

ಅಮ್ಮ ಮೇಲಿನ ತಿರುಪು ನೋಡಿದಳು, ಕೆಳಗೆ ನೇತಾಡುತ್ತಿದ್ದ ಬಾಬಿನ್ ಕೇಸು ನೋಡಿದಳು, ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಅತ್ತೆ ಬಂದಳು, ಮಷಿನ್ ಒಯ್ಯುವ ದಿನವೆಂದು ಪಾಳಿಯಿಂದ ಬೇಗ ಬಿಡಿಸಿಕೊಂಡು. ವಿಷಯ ಹೇಳಿದೆ.

"ಮೇಲಿನದನ್ನ ನಾನು ಯಾವತ್ತೂ ಮುಟ್ಟಿಲ್ಲಮ್ಮ," ಅಂದಳು. "ಅದು ಅತ್ತಿಗೆ ಕೈಯಳತೆ. ಅವರಿಗೆ ಬೇಜಾರಾಗಬಾರ್ದು ಅಂತ ಕೆಳಗಿಂದು ಮಾತ್ರ ಸರಿ ಮಾಡ್ಕೋತಿದ್ದೆ."

"ಚೆನ್ನಾಗಿದೆ. ಒಬ್ರು ಮೇಲಿಂದ ಜಗ್ಗಿ, ಒಬ್ರು ಕೆಳಗಿಂದ ಜಗ್ಗಿ," ಅಂದಳು ಅಮ್ಮ ಸ್ಟೂಲಿನಿಂದಲೇ.

"ಗೆದ್ದೋರು ಯಾರು?" ಎಂದು ಅತ್ತೆ ಕೇಳಿದಳು.

"ಮೆಕ್ಯಾನಿಕ್ಕು," ಅಂದಳು ಅಮ್ಮ.

ನಾನು ಕೆಳಗಿನದನ್ನು ಮೊದಲು ಸಡಿಲಿಸಿದೆ, ಕೇಸು ಜೇಡದ ಹಾಗೆ ಇಳಿಯುವ ತನಕ. ಆಮೇಲೆ ಮೇಲಿನದು. ಹೊಲಿಗೆಯನ್ನು ಮೊದಲಿನ ಅಳತೆಗೆ, ಅಂದರೆ ಅಂಗುಲಕ್ಕೆ ಹತ್ತು ಹೊಲಿಗೆಗೆ, ತಂದು ಅಂಚಿನ ಚೂರಿನ ಮೇಲೆ ಓಡಿಸಿದೆ. ಮೇಲಿನ ದಾರ ಇನ್ನೂ ಸ್ವಲ್ಪ ಬಿಗಿಯಿತ್ತು, ಮತ್ತೆ ಬಿಟ್ಟೆ. ಕೊಕ್ಕರೆಯ ಗಂಟಲಿನ ಕರಕರ ನಿಂತಿತು. ಅಮ್ಮ ಮೇಲಿನಿಂದ ಸವರಿದಳು, ಅತ್ತೆ ಅಡಿಯಿಂದ. ಇಬ್ಬರಿಗೂ ಏನೂ ತಡೆಯಲಿಲ್ಲ.

ಕುಣಿಯುತ್ತಾರೆ ಅಂದುಕೊಂಡಿದ್ದೆ. ಇಬ್ಬರೂ ಬಟ್ಟೆಯಿಂದ ಕೈ ತೆಗೆದು ಚೌಕಟ್ಟಿಗೆ ಒರಗಿದರು.

"ಹಾಳಾಗಿದೆ ಅಂತ ನಿನ್ನೆಯಿಂದ ಹಗುರಾಗಿದ್ದೆ ಕಣೇ," ಅಂದಳು ಅಮ್ಮ, ನನಗಲ್ಲ, ಅತ್ತೆಗೆ.

"ನಾನೂ ಅತ್ತಿಗೆ. ಇವತ್ತಿಂದ ಮಧ್ಯಾಹ್ನ ಮಲಗಬಹುದು ಅಂದ್ಕೊಂಡೇ ಬಂದೆ."

ಅದು ನನಗೆ ಹೊಳೆದೇ ಇರಲಿಲ್ಲ. ಮೆಕ್ಯಾನಿಕ್ ಆಗಲೇ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹಗ್ಗ.

"ಎರಡು ಹೊತ್ತೂ ನಾನೇ ಹಿಡೀತೀನಿ," ಅಂದೆ. "ನೀವಿಬ್ರೂ ಬರೀ ಲಾಂಡ್ರಿ ನೋಡ್ಕೊಳ್ಳಿ."

"ಒಬ್ಳೇನಾ? ಬೆನ್ನು ಏನಾಗುತ್ತೆ ಗೊತ್ತಾ?" ಎಂದಳು ಅತ್ತೆ.

"ಗೊತ್ತಿಲ್ಲ."

ಅಮ್ಮ ನನ್ನನ್ನೇ ನೋಡಿದಳು, ಅಂಗಡಿಯಲ್ಲಿ ಬಟ್ಟೆ ಎಷ್ಟು ದಿನ ತಡೆದೀತು ಎಂದು ನೋಡುವ ಹಾಗೆ.

"ನಾನು ನಿಂತೇ ಇರ್ಲಾ ಅಮ್ಮ?" ಅಂದ ಮೆಕ್ಯಾನಿಕ್.

"ಇಲ್ಲ ಅಣ್ಣ, ಹೋಗ್ಬನ್ನಿ. ಇವಳ ಬೆನ್ನು ಬಿದ್ದಾಗ ಇವಳೇ ಫೋನ್ ಮಾಡ್ತಾಳೆ," ಅಂದಳು ಅಮ್ಮ.

ಅವನು ಗೊಣಗುತ್ತ ಹಗ್ಗ ಸುತ್ತಿಕೊಂಡು ಹೋದ. ಅತ್ತೆ ಸ್ಕ್ರೂಡ್ರೈವರನ್ನು ನನ್ನ ಮುಂದಿಟ್ಟು, ಮೂಲೆಯಲ್ಲಿದ್ದ ಹತ್ತಿಯ ಸುರುಳಿಗೆ ಒರಗಿದಳು. ಲಾಂಡ್ರಿಗೆ ಇನ್ನೂ ಸ್ವಲ್ಪ ಹೊತ್ತಿದೆ, ಆಮೇಲೆ ಎಬ್ಬಿಸು ಎಂದು ಅಮ್ಮನೂ ಪಕ್ಕದಲ್ಲಿ ಒರಗಿದಳು. ನಾನು ಗಿರಾಕಿಯ ರಜಾಯಿ ಹಿಡಿದೆ. ಎರಡನೇ ಸಾಲಿಗೇ ಭುಜ ಸೆಳೆಯತೊಡಗಿತು. ತಿರುಗಿ ನೋಡಿದರೆ ಇಬ್ಬರೂ ಬಾಯಿ ತೆರೆದುಕೊಂಡು ನಿದ್ದೆ, ಅಮ್ಮನ ಕಾಲು ಅತ್ತೆಯ ಕಾಲಿನ ಮೇಲೆ. ಇಬ್ಬರೂ ಹಗಲಲ್ಲಿ ಹೀಗೆ ಜೊತೆಗೆ ಮಲಗಿದ್ದನ್ನು ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ಅಮ್ಮನನ್ನು ಎಬ್ಬಿಸುವ ಹೊತ್ತಾಗಿತ್ತು. ಈ ಸಾಲೊಂದು ಮುಗಿಯಲಿ ಎಂದು ಕೊಕ್ಕರೆಯನ್ನು ಆದಷ್ಟು ನಿಧಾನವಾಗಿ ನಡೆಸಿದೆ.