ಎಲ್ಲಾ ನಿಮ್ಮದೇ

"ನಿಮ್ಮದೇ ಭಾವ, ಎಲ್ಲಾ ನಿಮ್ಮದೇ! ನಾನು ಮುಟ್ಟೇ ಇಲ್ಲ!"

ಹಾಗೆ ಕೂಗುತ್ತಲೇ ಬೀರು ಎರಡೂ ಕೈಯ ಬೆರಳುಗಳನ್ನು ಕಬ್ಬಿಣದ ಸರಳಿನ ಕೆಳಗೆ ತೂರಿಸಿ ಮೇಲಕ್ಕೆತ್ತಿದ. ಬೆಂಚಿನ ಮೇಲೆ ಅಂಗಾತ ಮಲಗಿದ್ದ ಭಾವನ ಕುತ್ತಿಗೆಯ ನರ ಉಬ್ಬಿ ನಿಂತಿತ್ತು. ಸರಳು ನಡುಗುತ್ತ ಮೇಲೆ ಬಂದು ಕೊಕ್ಕೆಯಲ್ಲಿ ಕೂತಿತು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಭಾವ ಎದ್ದು ಕೂತು ಟವೆಲಿನಿಂದ ಮುಖ ಒರೆಸಿಕೊಂಡು, "ನೋಡಿದ್ರಾ? ಐವತ್ತಾದ್ರೂ ಮಾಸ್ತರ್ ಮಾಸ್ತರೇ" ಎಂದರು.

ಬೀರುವೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ? ಆ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿದ್ದು ತನ್ನ ಬೆರಳಿಗೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಜಿಮ್ಮಿನಲ್ಲಿ ಇದು ಯಾರೂ ತಪ್ಪೆನ್ನದ ಸುಳ್ಳು. ಭಾರ ಎತ್ತುವವನ ತಲೆಯ ಹತ್ತಿರ ಒಬ್ಬ ನಿಂತಿರುತ್ತಾನೆ. ಕೊನೆಯ ಸಲಕ್ಕೆ ತೋಳು ಸೋತಾಗ ಅವನು ಒಂದಿಷ್ಟು ಆಸರೆ ಕೊಡುತ್ತಾನೆ, ಕೊಡುತ್ತಲೇ 'ಎಲ್ಲಾ ನಿನ್ನದೇ' ಎಂದು ಕೂಗುತ್ತಾನೆ. ಎತ್ತಿದವನಿಗೂ ಖುಷಿ, ಎತ್ತಿಸಿದವನಿಗೂ ಖುಷಿ. ಆದರೆ ಅದು ಕೊನೆಯ ಸಲಕ್ಕೆ ಮಾತ್ರ. ಭಾವನಿಗೆ ಈಗೀಗ ಮೊದಲ ಸಲಕ್ಕೇ ಬೇಕಾಗುತ್ತಿತ್ತು.

ಬೀರು ಎಂದರೆ ಕುಡಿಯುವ ಬೀರಲ್ಲ, ಬಟ್ಟೆ ಇಡುವ ಬೀರು. ಅವನದು ಮನೆ ಸಾಮಾನು ಸಾಗಿಸುವ ಕೆಲಸ. ಆಳೂ ಹಾಗೇ ನಾಲ್ಕು ಮೂಲೆಯವನು, ಹಾಗಾಗಿ ಹೆಸರು ಅಂಟಿಕೊಂಡಿತ್ತು. ಕಿರಿದಾದ ಮೆಟ್ಟಿಲಲ್ಲಿ ಕಪಾಟು ಇಳಿಸುವಾಗ ಇನ್ನೊಂದು ತುದಿ ಹಿಡಿದವನ ಮುಖ ಕಾಣುವುದಿಲ್ಲ. ಅವನು ಹೊರುತ್ತಿದ್ದಾನೋ, ಸುಮ್ಮನೆ ಕೈ ಇಟ್ಟುಕೊಂಡು ಬರುತ್ತಿದ್ದಾನೋ ಎಂಬುದನ್ನು ಕೈಯೇ ಹೇಳಬೇಕು. ತಿರುವು ಬಂದಾಗ ಮೇಲಿನವನು "ತಿರುವು!" ಎಂದು ಕೂಗುತ್ತಾನೆ, ಕೆಳಗಿನವನು ಕಾಲು ಬದಲಿಸುತ್ತಾನೆ. ಇಷ್ಟು ವರ್ಷ ಹಾಗೆ ಬದುಕಿದವನ ಕೈ ಭಾವನ ವಿಷಯದಲ್ಲಿ ಸುಳ್ಳು ಹೇಳಲು ಸಾಧ್ಯವೇ ಇರಲಿಲ್ಲ.

ಭಾವ ಎಂದರೆ ಅವನ ಅಕ್ಕನ ಗಂಡ, ಈ ಜಿಮ್ಮಿನ ಮಾಸ್ತರು. ಹೋದ ವರ್ಷ ಜಿಮ್ಮಿನ ಮಾಲೀಕ ಎಲ್ಲರೆದುರೇ, "ಮಾಸ್ತರೇ, ನಿಮ್ಮ ಹೊಟ್ಟೆ ನೋಡಿದವರು ಸೇರೋ ಬದಲು ವಾಪಸ್ ಹೋಗ್ತಾರೆ" ಎಂದಿದ್ದ. ಭಾವ ಆ ಮಾತನ್ನು ನುಂಗಿಕೊಂಡರು, ಮರೆಯಲಿಲ್ಲ. ಮಾರನೆಯ ದಿನದಿಂದಲೇ ಟ್ರೆಡ್‌ಮಿಲ್ ಹತ್ತಿದರು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಹೊಟ್ಟೆ ಕರಗಿತು, ದವಡೆ ಮೂಡಿತು, ತೋಳಿನ ಮೇಲೆ ನರದ ಗೆರೆಗಳು ಎದ್ದವು. ಅದೇ ಮಾಲೀಕ ಅವರ ಹಳೇ ಫೋಟೋ, ಹೊಸ ಫೋಟೋ ಎರಡನ್ನೂ ಅಕ್ಕಪಕ್ಕ ಹಾಕಿಸಿ, 'ಆಗ', 'ಈಗ' ಎಂದು ಬರೆಸಿ, ಬಾಗಿಲ ಮೇಲೆ ದೊಡ್ಡ ಬ್ಯಾನರ್ ಕಟ್ಟಿಸಿದ.

ಅಲ್ಲಿಂದ ಶುರುವಾಯಿತು ನೋಡಿ ಚರ್ಚೆ. ಭಾರ ಎತ್ತುವವನು ತೆಳ್ಳಗಿರಬೇಕಾದರೆ ಎಷ್ಟು ಕಾರ್ಡಿಯೋ ಮಾಡಬೇಕು? ದಿನಾ ಓಡಿದರೆ ಕೊಬ್ಬಿನ ಜೊತೆ ತೋಳೂ ಕರಗುತ್ತದೆ ಎಂದು ಔಷಧಿ ಅಂಗಡಿಯವನು. ಓಡದೇ ಇದ್ದರೆ ಎತ್ತಿದ್ದೆಲ್ಲ ಹೊಟ್ಟೆಗೇ ಬರುತ್ತದೆ ಎಂದು ಬಸ್ ಡ್ರೈವರ್, ಅವನ ಹೊಟ್ಟೆಯೇ ಅದಕ್ಕೆ ಸಾಕ್ಷಿ. ಖಾಲಿ ಹೊಟ್ಟೆಯಲ್ಲಿ ಓಡಬೇಕು ಎನ್ನುವವನೊಬ್ಬ, ಓಡಲೇಬಾರದು, ಬರೀ ನಡೆಯಬೇಕು ಎನ್ನುವವನೊಬ್ಬ. ಮಾತಾಡುವ ಹೊತ್ತಿನಲ್ಲಿ ಮಾಡಿದ್ದರೆ ಎಲ್ಲರೂ ಕಡ್ಡಿಯಾಗುತ್ತಿದ್ದರು. ಕೊನೆಗೆ ಎಲ್ಲರೂ ಮಾಸ್ತರರ ಕಡೆ ತಿರುಗುತ್ತಿದ್ದರು. "ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ. ಉಸಿರು ಕಟ್ಟೋ ಹಾಗಲ್ಲ, ಪಕ್ಕದವನ ಜೊತೆ ಮಾತಾಡೋ ಹಾಗೆ" ಎನ್ನುತ್ತಿದ್ದರು ಭಾವ. ಅಲ್ಲಿಗೆ ತೀರ್ಪು ಮುಗಿಯಿತು.

ಅಕ್ಕನಿಗೂ ಮೊದಲು ಹಿಗ್ಗೇ ಹಿಗ್ಗು. ಗಂಡನ ಪ್ಯಾಂಟುಗಳ ಸೊಂಟ ಹಿಡಿದು ಹೊಲಿಯುತ್ತ, "ನಿಮ್ಮ ಭಾವನಿಗೆ ಹುಡುಗತನ ಬಂದಿದೆ ಕಣೋ" ಎಂದು ತಮ್ಮನೆದುರು ನಗುತ್ತಿದ್ದಳು. ಆಮೇಲೆ ಅದೇ ಪ್ಯಾಂಟುಗಳನ್ನು ಮತ್ತೊಮ್ಮೆ ಹಿಡಿದು ಹೊಲಿದಳು. ಮೂರನೇ ಸಲಕ್ಕೆ ಸೂಜಿ ಕೈಯಲ್ಲೇ ಉಳಿಯಿತು.

"ಓಡೋದು ಕಮ್ಮಿ ಮಾಡೋಕೆ ಹೇಳೋ. ನನ್ನ ಮಾತು ಎಲ್ಲಿ ಕೇಳ್ತಾರೆ? ತಟ್ಟೆಗೆ ಹಾಕಿದ್ದು ಹಾಗೇ ಇರುತ್ತೆ. ಎರಡು ತುತ್ತಿಗೇ ಹೊಟ್ಟೆ ತುಂಬ್ತು ಅಂತಾರೆ."

ಬೀರು ಹೇಳಿದ. ಭಾವ ಯಾವ ತಕರಾರೂ ಮಾಡದೆ ಒಪ್ಪಿಕೊಂಡರು, ಅದೇ ಅವನಿಗೆ ಸೋಜಿಗ. ಎಷ್ಟೋ ದಿನಗಳಿಂದ ಓಡಲು ಉಸಿರೇ ಇಲ್ಲದವರಿಗೆ ಯಾರಾದರೂ 'ಬಿಡಿ' ಎಂದರೆ ಸಾಕಾಗಿತ್ತು ಎಂದು ಆಗ ಹೊಳೆಯಲಿಲ್ಲ. ಟ್ರೆಡ್‌ಮಿಲ್ ನಿಂತಿತು. ಬೆಳಿಗ್ಗೆ ಮೊಟ್ಟೆ ಹೆಚ್ಚಾಯಿತು. ಆದರೂ ತೂಕದ ಯಂತ್ರದ ಮುಳ್ಳು ಹಿಂದೆ ಹಿಂದೆ ಹೋಗುತ್ತಲೇ ಇತ್ತು. ಒಂದು ದಿನ ಯಂತ್ರ ಕೆಟ್ಟಿದೆ ಎಂದು ಭಾವನೇ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬೀರು ಗುಟ್ಟಾಗಿ ಅದನ್ನು ನೆಲಕ್ಕಿಟ್ಟು ಹತ್ತಿ ನೋಡಿದ. ಯಂತ್ರ ಚೆನ್ನಾಗಿಯೇ ಇತ್ತು.

"ಭಾವ, ಒಂದ್ಸಲ ಡಾಕ್ಟರ್‌ಗೆ ತೋರಿಸೋಣ್ವಾ?"

"ಯಾಕೆ? ಹೊಟ್ಟೆ ಬಿಟ್ಕೊಂಡು ಓಡಾಡ್ತಿದ್ದಾಗ ಒಬ್ಬನೂ ಡಾಕ್ಟರ್ ಅನ್ನಲಿಲ್ಲ. ಈಗ ನೆಟ್ಟಗಾಗಿದೀನಿ, ಕಣ್ಣು ಉರೀತಿದೆಯಾ?" ಭಾವ ಅವನ ಬೆನ್ನಿಗೊಂದು ಗುದ್ದಿದರು. "ಮೊನ್ನೆ ಎಷ್ಟು ಎತ್ತಿದೆ ಅಂತ ನೀನೇ ನೋಡಿದೆಯಲ್ಲೋ. ಕಾಯಿಲೆಯವನು ಅಷ್ಟು ಎತ್ತುತ್ತಾನಾ?"

ಬೀರುವಿನ ಸುಳ್ಳನ್ನೇ ಭಾವ ಸಾಕ್ಷಿಯಾಗಿ ತಂದು ಮುಂದಿಟ್ಟಿದ್ದರು. ಎತ್ತಿದ್ದು ನೀವಲ್ಲ, ನಾನು ಎಂದುಬಿಟ್ಟರೆ ಸಾಕಿತ್ತು. ಆ ಮಾತು ಹೇಳಿದರೆ ಈ ಮನುಷ್ಯನಲ್ಲಿ ಉಳಿಯುವುದೇನು ಎಂದು ಅವನಿಗೆ ಭಯವಾಯಿತು. ಹಾಗೇ ಇನ್ನಷ್ಟು ದಿನ ಕಳೆದವು. ದಿನವೂ ಬೆರಳಿಗೆ ಬರುವ ಭಾರ ಹೆಚ್ಚುತ್ತ ಹೋಯಿತು, ಅವನ ಕೂಗೂ ಜೋರಾಗುತ್ತ ಹೋಯಿತು.

ಆ ಬೆಳಿಗ್ಗೆ ಹೊಸದಾಗಿ ಸೇರಿದವನೊಬ್ಬ ಬಂದ. ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ದುಂಡಗೆ ಇದ್ದ, ಕೈಯಲ್ಲಿ ಹೊಸ ನೀರಿನ ಬಾಟಲಿ. ಬಾಗಿಲ ಬ್ಯಾನರ್ ನೋಡಿಯೇ ಒಳಗೆ ಬಂದೆ ಎಂದ.

"ಮಾಸ್ತರೇ, ನಿಮ್ಮ ಥರ ಆಗ್ಬೇಕಾದ್ರೆ ಎಷ್ಟು ಕಾರ್ಡಿಯೋ ಮಾಡ್ಬೇಕು?"

"ವಾರಕ್ಕೆ ಮೂರು ದಿನ," ಎಂದರು ಭಾವ. "ಆದ್ರೆ ಬರೀ ಓಡಿದ್ರೆ ಬಡಕಲಾಗ್ತೀರಿ. ಭಾರ ಬಿಡಬಾರದು. ಬನ್ನಿ, ತೋರಿಸ್ತೀನಿ."

ಸರಳಿಗೆ ತೂಕದ ಎರಡು ಚಿಕ್ಕ ಬಿಲ್ಲೆ ಹಾಕಿದರು. ಹೊಸಬರು ಮೊದಲ ವಾರ ಎತ್ತುವಷ್ಟು, ಅಷ್ಟೇ. ಬೆಂಚಿನ ಮೇಲೆ ಮಲಗುವಾಗ ಬನಿಯನ್ ಮೇಲೆ ಸರಿದು ಪಕ್ಕೆಲುಬು ಸಾಲಾಗಿ ಕಂಡಿತು. "ಆಹಾ, ಏನ್ ಬಾಡಿ!" ಎಂದ ಹೊಸಬ, ಮನಸಾರೆ.

ಆ 'ಆಹಾ' ಕೇಳುತ್ತಲೇ ಬೀರು ಎಂದಿನಂತೆ ತಲೆಯ ಹತ್ತಿರ ಬಂದು ನಿಂತ. ಭಾವ ಸರಳನ್ನು ಕೊಕ್ಕೆಯಿಂದ ಬಿಡಿಸಿ ಎದೆಗಿಳಿಸಿದರು. ಬೀರು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಸರಳು ಮೇಲೆ ಬರಲಿಲ್ಲ. ಭಾವ ಒಮ್ಮೆ ಒತ್ತಿದರು. ಕಾಲು ನೆಲಕ್ಕೆ ಊರಿ, ಬೆನ್ನು ಬಾಗಿಸಿ ಮತ್ತೊಮ್ಮೆ ಒತ್ತಿದರು. ಅದು ಎದೆಯ ಮೇಲೆ ಹಾಗೇ ಕೂತಿತ್ತು. ಅವರ ಕಣ್ಣು ಬೀರುವಿನ ಕೈಗಳನ್ನು ಹುಡುಕಿತು, ಸಿಗಲಿಲ್ಲ. ಆಮೇಲೆ ಅವನ ಮುಖ ನೋಡಿತು. ಜಿಮ್ಮಿನಲ್ಲಿ ಹಾಡು ನಡೆಯುತ್ತಲೇ ಇತ್ತು, ಟ್ರೆಡ್‌ಮಿಲ್ ಮೇಲೆ ಯಾರೋ ದಡದಡ ಓಡುತ್ತಿದ್ದರು. ಹೊಸಬ ಇದೂ ಪಾಠದ ಒಂದು ಭಾಗವೆಂದುಕೊಂಡು ಗಮನವಿಟ್ಟು ನೋಡುತ್ತಿದ್ದ.

ಭಾವ ಸರಳು ಬಿಡಲಿಲ್ಲ, ಸಹಾಯವನ್ನೂ ಕೇಳಲಿಲ್ಲ. ಬೀರುವೇ ಬಗ್ಗಿ ಅದನ್ನು ಎತ್ತಿ ಕೊಕ್ಕೆಗೆ ಹಾಕಿದ. ಈ ಸಲ ಕೂಗಲಿಲ್ಲ.

ಭಾವ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಕೂತರು. "ಮುಟ್ಟೇ ಇಲ್ಲ ಅಂತಿದ್ದೆಯಲ್ಲೋ?" ಎಂದರು. "ಯಾವತ್ತಿಂದ?"

"ಎರಡು ತಿಂಗಳಾಯ್ತು ಭಾವ."

ಬೈದಿದ್ದರೆ ಬೀರು ಬದುಕಿಕೊಳ್ಳುತ್ತಿದ್ದ. ಭಾವ ಬೈಯಲಿಲ್ಲ. ಶೂ ದಾರ ಬಿಚ್ಚಲು ಬಗ್ಗಿ, ಬಿಚ್ಚಲಾರದೆ, "ನಡಿ, ಯಾವ ಡಾಕ್ಟರ್ ಹತ್ರ ಹೋಗೋಣ ಅಂತಿದ್ದೆ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು. "ತೂಕ ಇಳಿಯೋಕೆ ಯಾವಾಗ ಶುರುವಾಯ್ತು?"

"ಇಳಿದಿದ್ದಲ್ಲ ಡಾಕ್ಟ್ರೇ," ಎಂದಳು ಅಕ್ಕ, ಯಾರದೋ ತಪ್ಪು ತಿದ್ದುವವಳಂತೆ. "ಅವರೇ ಇಳಿಸಿದ್ದು. ದಿನಾ ಓಡಿ ಓಡಿ ಇಳಿಸಿದ್ದು. ಬೇಕಾದ್ರೆ ನನ್ನ ತಮ್ಮನ್ನ ಕೇಳಿ."

ಹೊಟ್ಟೆಯಲ್ಲಿ ಬೆಳೆದ ಗಡ್ಡೆ ಈಗ ಅಲ್ಲಿಗೇ ನಿಂತಿಲ್ಲ, ಕತ್ತರಿಸಿ ತೆಗೆಯುವ ಕಾಲ ಮೀರಿದೆ ಎಂದು ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. ಎರಡು ತಿಂಗಳ ಹಿಂದೆ ಬಂದಿದ್ದರೆ ಎಂದು ಕೇಳಲು ಬೀರುವಿಗೆ ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ. ಆ ಪ್ರಶ್ನೆ ಇನ್ನು ತನ್ನ ಜೊತೆಯೇ ಇರುತ್ತದೆ ಎಂದು ಅವನಿಗೆ ಅಲ್ಲೇ ಗೊತ್ತಾಯಿತು.

ಚಿಕಿತ್ಸೆ ಎಂದು ಕೆಲವು ವಾರ ಓಡಾಡಿದರು. ಆಮೇಲೆ ಆಸ್ಪತ್ರೆಯವರೇ ಮನೆಗೆ ಕರೆದುಕೊಂಡು ಹೋಗಿ ಎಂದರು. ವಾಪಸ್ ಬರುವ ದಾರಿ ಜಿಮ್ಮಿನ ಮುಂದೆಯೇ. ಬಾಗಿಲ ಮೇಲೆ ಬ್ಯಾನರ್ ಇನ್ನೂ ಇತ್ತು. ಭಾವ ಆಟೋದೊಳಗಿಂದ ಬಗ್ಗಿ ನೋಡಿ, "ಆ ಹೊಟ್ಟೆ ಚೆನ್ನಾಗೇ ಇತ್ತು ಅಲ್ವೇನೇ?" ಎಂದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮನೆ ಎರಡನೇ ಅಂತಸ್ತಿನಲ್ಲಿತ್ತು. ಅಕ್ಕ ಬೀಗ ತೆಗೆಯಲು ಮುಂದೆ ಹೋದಳು. ಬೀರು ಭಾವನ ಕಂಕುಳಿಗೆ ಕೈ ಕೊಟ್ಟು ಹತ್ತಿಸತೊಡಗಿದ. ಒಂದು ಮೆಟ್ಟಿಲು, ಇನ್ನೊಂದು. ಪ್ರತಿ ಮೆಟ್ಟಿಲಿಗೂ ಭಾವ ಹಲ್ಲು ಕಚ್ಚಿ ಒತ್ತುತ್ತಿದ್ದರು. ಅಭ್ಯಾಸಬಲದಿಂದ ಬೀರುವಿನ ಬಾಯಿಗೆ ಅದೇ ಮಾತು ಬಂದುಬಿಟ್ಟಿತು.

"ನಿಮ್ಮದೇ ಭಾವ, ಎಲ್ಲಾ..."

"ಸಾಕು ನಿಲ್ಸೋ." ಭಾವ ಮೆಟ್ಟಿಲ ಕಂಬಿ ಹಿಡಿದು ನಿಂತರು. ಏದುಸಿರು ತಗ್ಗುವವರೆಗೆ ಕಾದು, "ನಿಜ ಹೇಳು. ನಂದೆಷ್ಟು, ನಿಂದೆಷ್ಟು?" ಎಂದರು.

ಬೀರು ಅವರ ಮುಖ ನೋಡಿದ. ಇನ್ನು ಉಳಿಸಬೇಕಾದ್ದು ಏನೂ ಇರಲಿಲ್ಲ.

"ಎಲ್ಲಾ ನಂದೇ ಭಾವ."

"ಹಾಗೆ ಹೇಳು ಮತ್ತೆ," ಎಂದರು ಭಾವ, ಮತ್ತು ಬಿಗಿಹಿಡಿದಿದ್ದ ಕಾಲುಗಳನ್ನು ಸಡಿಲ ಬಿಟ್ಟರು. ಬೀರು ಅವರನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಒಂದು ಕುರ್ಚಿಯಷ್ಟೂ ಭಾರವಿರಲಿಲ್ಲ. ಅಷ್ಟು ಹಗುರವಾದದ್ದನ್ನು ಅವನು ಎಂದೂ ಅಷ್ಟು ಕಷ್ಟದಿಂದ ಹೊತ್ತಿರಲಿಲ್ಲ. ಮೇಲೆ ಅಕ್ಕ ಬಾಗಿಲು ತೆರೆಯುವ ಸದ್ದು ಕೇಳಿಸಿತು. ಮೆಟ್ಟಿಲು ಹೊರಳುವಲ್ಲಿ ಭಾವನ ಪಾದ ಗೋಡೆಗೆ ತಾಗದಂತೆ ಅವನು ಮೈ ಓರೆ ಮಾಡಿದ.

"ತಿರುವು," ಎಂದ ಮೆಲ್ಲಗೆ, ಇನ್ನೊಂದು ತುದಿಯಲ್ಲಿ ಯಾರೋ ಹಿಡಿದಿರುವಂತೆ.