ಕೊಂಬಿಗೆ ಕೊಟ್ಟಿಗೆ ಮಂಜೂರು

"ಕೊಂಬು ಬಂದಿದೆಯೇನೇ ನಿಂಗೆ, ಮುಂಡೇದೇ? ಮನೆ ಬೇಕಂತೆ ಮನೆ! ನಿಮ್ಮಪ್ಪ ಕಟ್ಟಿಸಿದ್ನಾ ಮನೆ, ನಿಮ್ಮಜ್ಜ ಕಟ್ಟಿಸಿದ್ನಾ?"

ಕೌನ್ಸಿಲ್ ಅಧ್ಯಕ್ಷರು ಮೇಜು ಗುದ್ದಿದ ರಭಸಕ್ಕೆ ಚಹಾದ ಲೋಟಗಳು ಬೆಚ್ಚಿದವು. ಕೊಂಬಿ ಬೆಚ್ಚಲಿಲ್ಲ. ಎದುರು ಮಾತಾಡಿದಾಗಲೆಲ್ಲ 'ಕೊಂಬು ಬಂತಾ' ಎಂದು ಕೇಳಿಸಿಕೊಂಡು ಕೇಳಿಸಿಕೊಂಡು, ಆ ಬೈಗುಳವೇ ಹೆಸರಾಗಿ ಅವಳಿಗೆ ಅಂಟಿಕೊಂಡಿತ್ತು. ಹುಟ್ಟಿದಾಗ ಇಟ್ಟ ಹೆಸರನ್ನು ಈಗ ಯಾರಾದರೂ ಕೂಗಿದರೆ ಅವಳೇ ಹಿಂದೆ ತಿರುಗಿ ನೋಡಿಯಾಳು, ಯಾರನ್ನು ಕರೆದರೋ ಎಂದು.

ಅಧ್ಯಕ್ಷರೇ ಅವಳ ಧಣಿ. ಹಳ್ಳದ ಆಚೆಯ ಡೈರಿ ಅವರದು. ಅಲ್ಲಿ ಹಾಲು ಕರೆಯುವ ಆಳುಗಳ ಸಾಲುಕೋಣೆಗಳೂ ಅವರವೇ.

ಜವಾನ ಯಾರಿಗೂ ಕಾಣದ ಹಾಗೆ ಒಂದು ಕುರ್ಚಿಯನ್ನು ಕಾಲಿನಿಂದ ಅವಳತ್ತ ಸರಿಸಿದ. ಅವಳು ಕೂರಲಿಲ್ಲ. ಅದರ ಬೆನ್ನಿನ ಮೇಲೆ ಕೈಯಿಟ್ಟಳು. ನಿಲ್ಲುವುದಕ್ಕೆ ಅಷ್ಟೇ ಸಾಕಾಯಿತು.

ಸ್ವಲ್ಪ ಮುಂಚೆ ಇದೇ ಮೇಜಿನ ಮೇಲೆ ಇನ್ನೊಂದು ಅರ್ಜಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪಾಸಾಗಿತ್ತು. ಸಾಲುಕೋಣೆಗಳನ್ನು ಕೆಡವಿ, ಆ ಹುಲ್ಲುಗಾವಲಿನಲ್ಲಿ ಪಟ್ಟಣದವರು ಬಂದು ತಂಗುವ ಬಾಡಿಗೆ ಬಂಗಲೆಗಳನ್ನು ಕಟ್ಟಲು ಅಧ್ಯಕ್ಷರೇ ಹಾಕಿಕೊಂಡ ಅರ್ಜಿ. ಸ್ವಂತದ್ದು ಚರ್ಚೆಗೆ ಬಂದಾಗ ಹೊರಗೆ ಹೋಗಬೇಕೆಂಬುದು ನಿಯಮ. ಅವರು ಹೊರಗೆ ಹೋಗಿ ಮೂಗು ಸೀನಿ ಒಳಗೆ ಬರುವಷ್ಟರಲ್ಲಿ ಮಂಜೂರಾಗಿತ್ತು. ಚಳಿ ಹಿಡಿಯುವ ಮೊದಲು ಆಳುಗಳು ಕೋಣೆ ಬಿಡಬೇಕು.

ಕೊಂಬಿಗೆ ಹಳ್ಳದ ಈಚೆ ಒಂದು ತುಂಡು ನೆಲವಿತ್ತು. ಡೈರಿಯ ಹೋರಿ ಅವಳ ಗಂಡನ ಮಂಡಿ ಮುರಿದಾಗ, ಬಾಯಿ ಮುಚ್ಚಿಸಲು ಅಧ್ಯಕ್ಷರ ಅಪ್ಪ, ಹಿರಿಯ ಧಣಿ, ಬರೆದುಕೊಟ್ಟ ಕಲ್ಲುನೆಲ. ಅಲ್ಲಿ ಒಂದು ಕೋಣೆಯ ಮನೆ ಕಟ್ಟಿಕೊಳ್ಳುತ್ತೇನೆ ಎಂಬುದಷ್ಟೇ ಅವಳ ಅರ್ಜಿ.

"ಅದು ಸಾಗುವಳಿ ಜಮೀನು. ಮನುಷ್ಯರು ವಾಸ ಮಾಡೋ ಹಾಗಿಲ್ಲ," ಎಂದರು ಒಬ್ಬ ಸದಸ್ಯರು. ಅವರದು ಇಟ್ಟಿಗೆ ವ್ಯಾಪಾರ. ಬಂಗಲೆಗಳಿಗೆ ಇಟ್ಟಿಗೆ ಅವರದೇ.

"ಧಣಿಗಳ ಬಂಗ್ಲೆ ಜಾಗಾನೂ ಹುಲ್ಲುಗಾವಲೇ ಅಲ್ವಾ ಸ್ವಾಮಿ?"

"ಅದು ಅಭಿವೃದ್ಧಿ!"

"ನಾನೂ ಸ್ವಲ್ಪ ಅಭಿವೃದ್ಧಿ ಆಗ್ತೀನಿ ಬಿಡಿ. ಒಂದು ಕೋಣೆಯಷ್ಟು."

ಜವಾನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಧ್ಯಕ್ಷರು ಗುಮಾಸ್ತೆಯ ಕಡೆ ತಿರುಗಿದರು. ಅವಳು ಮಿತಮಾತಿನ ಹೆಂಗಸು.

"ಏನಮ್ಮಾ, ಆ ಜಾಗದಲ್ಲಿ ಏನು ಕಟ್ಟಬಹುದು? ಓದಿ ಹೇಳು ಇವಳಿಗೆ."

"ದನದ ಕೊಟ್ಟಿಗೆ ಕಟ್ಟಬಹುದು ಸಾರ್."

ಅಧ್ಯಕ್ಷರ ಮುಖ ಅರಳಿತು. "ಸರಿಹೋಯ್ತು! ಇವೂ ದನಗಳೇ ತಾನೇ? ತಿನ್ನೋದು, ಸಗಣಿ ಹಾಕೋದು, ವರ್ಷಕ್ಕೊಂದು ಈಯೋದು. ಬರ್ಕೊಳ್ಳಮ್ಮಾ, ಕೊಂಬಿ ಅನ್ನೋ ದನಕ್ಕೂ ಅವಳ ಮಂದೆಗೂ ಕೊಟ್ಟಿಗೆ ಮಂಜೂರು!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುಮಾಸ್ತೆ ನಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು, ಒಬ್ಬೊಬ್ಬರ ಮುಂದೂ ಹಿಡಿದು ಸಹಿ ಹಾಕಿಸಿದಳು, ಮೊಹರು ಒತ್ತಿದಳು. ನಗುವ ಭರದಲ್ಲಿ ಒಬ್ಬರೂ ಓದಲಿಲ್ಲ. ಬಾಗಿಲ ಹತ್ತಿರ ಪ್ರತಿಯನ್ನು ಕೊಂಬಿಯ ಕೈಗಿಡುತ್ತಾ, "ಒದ್ದೆ ಆಗದ ಹಾಗೆ ಇಟ್ಕೊಳ್ಳಿ ಅಕ್ಕಾ," ಎಂದಳು.

ಆ ಕಟ್ಟಡದಲ್ಲಿ ಕೊಂಬಿಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅವಳೊಬ್ಬಳೇ.

ಕೊಂಬಿಯ ಗಂಡ ಮಾತಿನಲ್ಲಿ ಜಿಪುಣ. ಮದುವೆಯಾದಾಗಿನಿಂದ ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಮಂಡಿ ಮುರಿದ ಮೇಲೂ ಕುಂಟುತ್ತಾ ಹೋಗಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಗುಸುಗುಸು ಮಾತೇನಿದ್ದರೂ ಅವುಗಳ ಕಿವಿಯಲ್ಲೇ.

"ಏನಂದ್ರು?" ಎಂದು ಕೇಳಿದ.

"ನನ್ನನ್ನ ದನ ಅಂದ್ರು. ಹಾಗಾದ್ರೆ ನೀನು ಎತ್ತು."

ಅವನು ಮುರಿದ ಮಂಡಿಯನ್ನು ಸವರಿಕೊಂಡ. "ಹೋರಿ ಅನ್ನಬಹುದಿತ್ತು," ಎಂದ.

ಬೆಳಗಿನ ಹಾಲು ಕರೆದು ಮುಗಿಸಿದ ಆಳುಗಳು ದಿನಾ ಹಳ್ಳ ದಾಟಿ ಬಂದು ಕಲ್ಲು ಹೊತ್ತರು, ಮಣ್ಣು ತುಳಿದರು. ಯಾರೋ ಹಳೆಯ ತಗಡು ತಂದರು. ಗೋದಲಿಯನ್ನು ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಅಗಲ ಕಟ್ಟಿದರು. ತಗಡಿನ ಮೇಲೆ ಕೊನೆಯ ಕಲ್ಲು ಇಡುವ ಹೊತ್ತಿಗೆ ಅಳತೆ ಟೇಪು ಹಿಡಿದು ಕೌನ್ಸಿಲ್ಲಿನ ಇಂಜಿನಿಯರ್ ಬಂದ.

"ಕೊಟ್ಟಿಗೆಗೆ ಕಿಟಕಿ ಯಾಕೆ?"

"ದನಕ್ಕೂ ಬೇಜಾರಾಗುತ್ತಲ್ಲ ಸ್ವಾಮಿ."

"ಒಲೆ?"

"ಬಿಸಿನೀರು ಕೊಡದಿದ್ರೆ ಕೆಮ್ಮುತ್ತೆ."

"ದಿಂಬು?"

ಕೊಂಬಿ ಗೋದಲಿಯಲ್ಲಿ ಮಂಡಿ ನೀಡಿ ಮಲಗಿದ್ದ ಗಂಡನ ಕಡೆ ನೋಡಿದಳು. "ಮುದಿ ಎತ್ತು. ತಲೆ ಎತ್ತರಕ್ಕಿಲ್ಲದಿದ್ರೆ ನಿದ್ದೆ ಬರಲ್ಲ ಅದಕ್ಕೆ."

ಇಂಜಿನಿಯರ್ ತುಟಿ ಕಚ್ಚಿಕೊಂಡು, 'ಜಾನುವಾರುಗಳು ಆರೋಗ್ಯವಾಗಿವೆ' ಎಂದು ಬರೆದುಕೊಂಡ. ಹೊರಟವನು ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಕಡೆ ಬೆರಳಿಟ್ಟು ತೋರಿಸಿದ. "ಇಲ್ಲೊಂದು ಹಲಗೆ ಬಡೀರಿ. ರಾತ್ರಿ ದನಕ್ಕೆ ಥಂಡಿ ಆಗುತ್ತೆ."

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಸಾಲುಕೋಣೆಗಳ ಮೇಲೆ ಯಂತ್ರ ಹತ್ತಿತು. ಪಾತ್ರೆ ತೆಗೆದುಕೊಳ್ಳುತ್ತೇವೆ ಎಂದವರಿಗೆ ಮೇಸ್ತ್ರಿ, "ಮೊದಲೇ ಹೇಳಿರಲಿಲ್ವೇನ್ರೋ ಬೇವರ್ಸಿಗಳಾ," ಎಂದ. ಆದರೆ ಯಂತ್ರ ಓಡಿಸುವವನು ಕೀಲಿ ತಿರುಗಿಸಿ ಯಂತ್ರ ನಿಲ್ಲಿಸಿ ಕೆಳಗಿಳಿದು, ಗೋಡೆಗೆ ತಿರುಗಿ ಬೇಕೆಂದೇ ನಿಧಾನವಾಗಿ ಉಚ್ಚೆ ಹೊಯ್ದ. ಅವನು ಮತ್ತೆ ಹತ್ತುವಷ್ಟರಲ್ಲಿ ಪಾತ್ರೆ, ಕಂಬಳಿ, ಒಬ್ಬಳ ಕನ್ನಡಿ, ಎಲ್ಲವೂ ಹೊರಗೆ ಬಂದಿದ್ದವು. ಆಳುಗಳು ಅವನ್ನು ಹೊತ್ತು ಹಳ್ಳ ದಾಟಿದರು.

"ಇಷ್ಟೊಂದು ದನ ಹಿಡಿಯುತ್ತೇನೇ ಕೊಂಬಿ?" ಎಂದಳು ಕನ್ನಡಿಯವಳು.

"ಒತ್ತಿಕೊಂಡು ಮಲಗೋದೇ ಮಂದೆ. ಬಾರೇ ಒಳಗೆ."

ಸಂಜೆಗೆ ಮುನ್ನವೇ ಸುದ್ದಿ ಮುಟ್ಟಿತು. ಅಧ್ಯಕ್ಷರು, ಇಟ್ಟಿಗೆ ಸದಸ್ಯರು, ಹಿಂದೆ ಪುಸ್ತಕ ಹಿಡಿದ ಗುಮಾಸ್ತೆ, ಛತ್ರಿ ಹಿಡಿದ ಜವಾನ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು.

"ಕೊಟ್ಟಿಗೆ ಅಂತ ತಗೊಂಡು ಸಂಸಾರ ಹೂಡಿದ್ದೀರೇನ್ರೋ ಕಳ್ಳನನ್ಮಕ್ಕಳಾ? ಒಳಗೆ ಒಬ್ಬ ಮನುಷ್ಯ ಇದ್ರೂ ಮಂಜೂರಾತಿ ರದ್ದು! ಯಾರಿದ್ದೀರೋ ಒಳಗೆ?"

ಒಳಗೆ ಕತ್ತಲೆ. ಗೋದಲಿಯ ಉದ್ದಕ್ಕೂ ತಲೆಗಳು.

"ಅಂಬಾ," ಎಂದಳು ಕೊಂಬಿ.

"ಅಂಬಾ," ಎಂದಳು ಕನ್ನಡಿಯವಳು. ಆಮೇಲೆ ಮೂಲೆಯಿಂದ ಒಂದು, ಬಾಗಿಲ ಹತ್ತಿರ ಒಂದು, ಕಿಟಕಿಯಿಂದ ಎರಡು. ಯಾರೋ ಕರುವಿನ ಹಾಗೆ ಸಣ್ಣಗೆ ಕೂಗಿದರು. ಇನ್ನೊಬ್ಬರು ಅದನ್ನು ನೆಕ್ಕುವ ಸದ್ದು ಮಾಡಿದರು. ಜವಾನ ಛತ್ರಿಯನ್ನು ಮುಖದ ಮುಂದೆ ಬಿಚ್ಚಿಕೊಂಡ.

"ಮಾತಾಡ್ರೋ! ನಾಲಿಗೆ ಬಿದ್ದುಹೋಯ್ತಾ?"

"ಅಂಬಾ."

ಅಷ್ಟರಲ್ಲಿ ಹಳ್ಳದಾಚೆಯಿಂದಲೂ ಅಂಬಾ ಎಂದಿತು. ಅದು ನಿಜವಾದದ್ದು. ಒಂದರ ಹಿಂದೆ ಒಂದು, ಇಡೀ ಡೈರಿಯೇ ಕೂಗತೊಡಗಿತು. ಮೇಸ್ತ್ರಿ ನೀರಿನಲ್ಲಿ ದಡಬಡ ಓಡಿ ಬಂದ.

"ಧಣೀ, ಕೆಚ್ಚಲು ಬಿಗಿದು ಹಸುಗಳು ಒದೀತಾ ಇವೆ. ಹಾಲಿನ ಲಾರಿ ಬಂದು ನಿಂತಿದೆ. ಕರೆಯೋಕೆ ಒಂದು ನರಪಿಳ್ಳೆ ಇಲ್ಲ ಅಲ್ಲಿ!"

"ಏಳ್ರೋ!" ಎಂದು ಅಧ್ಯಕ್ಷರು ಕಿರುಚಿದರು. "ಎದ್ದು ಹೋಗಿ ಹಾಲು ಕರೀರೋ!"

ಕೊಂಬಿ ಗೋದಲಿಯಿಂದ ತಲೆ ಎತ್ತಿದಳು. ಬಾಯಿಯ ಮೂಲೆಯಲ್ಲಿ ಒಂದು ಹುಲ್ಲುಕಡ್ಡಿ.

"ದನ ಎಲ್ಲಾದ್ರೂ ದನದ ಹಾಲು ಕರೆಯುತ್ತಾ ಧಣೀ?"

"ನೋಡ್ರೀ, ನೋಡ್ರೀ! ಮಾತಾಡಿದ್ಲು! ಮನುಷ್ಯಳೇ ಇವಳು! ಎಲ್ಲರೂ ಕೇಳಿದ್ರಲ್ಲ?"

ಗುಮಾಸ್ತೆ ಪುಸ್ತಕ ಬಿಚ್ಚಿದಳು. "ಮನುಷ್ಯರು ಅಂತ ತಿದ್ದಲಾ ಸಾರ್, ದನ ಅಂತಲೇ ಇರಲಾ?"

"ತಿದ್ದಿ ತಾಯಿ," ಎಂದಳು ಕೊಂಬಿ. "ಆದ್ರೆ ಮನುಷ್ಯರು ಅಂತ ಬರೆದ್ರೆ ಪಕ್ಕದಲ್ಲೇ ಮನೆ ಅಂತಲೂ ಬರೀರಿ. ಮನೆ ಕೊಟ್ಟ ದಿನ ಹಾಲು ಕರೀತೀವಿ. ದನ ಅಂತಲೇ ಇರಲಿ ಅಂದ್ರೆ ಅದೂ ಆಯ್ತು. ಧಣಿಗಳು ನಮಗಿಷ್ಟು ಹುಲ್ಲು ಹಾಕಿ, ಹಾಲು ತಾವೇ ಕರ್ಕೊಳ್ಳಲಿ."

ಅಧ್ಯಕ್ಷರು ಹಳ್ಳದ ಕಡೆ ತಿರುಗಿ ನೋಡಿದರು. ಹಸುಗಳ ಕೂಗಿಗೆ ಲಾರಿಯ ಹಾರನ್ನೂ ಸೇರಿಕೊಂಡಿತ್ತು.

ಗಂಡ ಗೋದಲಿಯ ಅಂಚು ಹಿಡಿದು, ಮುರಿದ ಮಂಡಿಯನ್ನು ಎಳೆದುಕೊಂಡು ಎದ್ದ. ಬಾಗಿಲಿಗೆ ಬಂದು, ಧಣಿಯ ಮುಖದಿಂದ ಒಂದು ಗೇಣು ದೂರದಲ್ಲಿ ನಿಂತ. ಎದೆ ತುಂಬ ಉಸಿರು ಎಳೆದುಕೊಂಡು, ಜೀವಮಾನದಲ್ಲಿ ಮೊದಲ ಸಲ, ಗುಟುರು ಹಾಕಿದ.

ಎತ್ತಿನ ದನಿಯಲ್ಲ ಅದು.

ಅಧ್ಯಕ್ಷರು ಹಿಂದೆ ಹೆಜ್ಜೆಯಿಟ್ಟರು. ಅಲ್ಲಿ ಹೆಜ್ಜೆಯಿಡಲು ನೆಲವಿರಲಿಲ್ಲ, ತಿಪ್ಪೆಯಿತ್ತು. ಜವಾನ ಕೈ ನೀಡಲು ಮುಂದಾದವನು, ಛತ್ರಿ ಮಡಿಸುವುದೇ ಮುಖ್ಯವೆಂಬಂತೆ ನಿಧಾನವಾಗಿ ಅದನ್ನು ಮಡಿಸತೊಡಗಿದ. ಗುಮಾಸ್ತೆಯ ಪೆನ್ನು ಹಾಳೆಯ ಮೇಲೆ ಇನ್ನೂ ಕಾಯುತ್ತಿತ್ತು.

ಹಳ್ಳದಾಚೆ ಹಸುಗಳ ಕೂಗು ಫಕ್ಕನೆ ನಿಂತಿತು. ದಿನಾ ಕಿವಿಯಲ್ಲಿ ಗುಸುಗುಟ್ಟುತ್ತಿದ್ದವನ ದನಿಯನ್ನು ಅವು ಗುರುತು ಹಿಡಿದವು. ತುಂಬಿದ ಕೆಚ್ಚಲು ಓಲಾಡಿಸುತ್ತಾ ಇಡೀ ಮಂದೆ ಇಳಿಜಾರಿನಲ್ಲಿ ಓಡಿ ಬಂದು ಬೇಲಿಗೆ ಎದೆ ಕೊಟ್ಟಿತು. ಮೊದಲನೆಯ ಕಂಬ ಕಿರ್ರೆಂದು ಈ ಕಡೆಗೆ ವಾಲಿತು.