ಹಳೇ ಕಾರಿನ ಒಳಗಿನ ಲೈಟು

ನಮ್ಮ ಹಳೇ ಕಾರಿನ ಒಳಗಿನ ಲೈಟನ್ನು ಆರಿಸಿದ್ದು ನಾನೇ ಎಂದರೆ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ನಂಬುವುದಿಲ್ಲ. ಆರಿಸಿದೆ ಎನ್ನುತ್ತಿದ್ದೇನೆ, ಕೆಡಿಸಿದೆ ಎನ್ನುತ್ತಿಲ್ಲ. ಲೈಟಿನ ಪಕ್ಕದಲ್ಲೇ ಉಗುರಿನಗಲದ ಒಂದು ಗುಂಡಿ ಇದೆ. ಒಂದು ಕಡೆ ಸರಿಸಿದರೆ ಲೈಟು ಸದಾ ಉರಿಯುತ್ತದೆ, ಇನ್ನೊಂದು ಕಡೆ ಸರಿಸಿದರೆ ಬಾಗಿಲು ತೆರೆದಾಗ ಮಾತ್ರ. ನಡುವೆ ನಿಲ್ಲಿಸಿದರೆ ಏನು ಮಾಡಿದರೂ ಉರಿಯುವುದಿಲ್ಲ. ನಾನು ನಡುವೆ ನಿಲ್ಲಿಸಿದೆ.

ನನ್ನದು ಇಂಟರ್‌ನೆಟ್ ಕಂಪನಿಯೊಂದರ ದೂರು ವಿಭಾಗದಲ್ಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಬೈಗುಳ ಕೇಳಬೇಕು. ಯಾರೇ ಫೋನು ಮಾಡಲಿ, ನಾನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಸರ್, ಸ್ವಿಚ್ ಆನ್ ಇದೆಯಾ ನೋಡ್ತೀರಾ?" ಇಷ್ಟು ಕೇಳಿದ್ದೇ ತಡ, ಗಂಡಸರಿಗೆ ಮೈಯೆಲ್ಲ ಉರಿದುಹೋಗುತ್ತದೆ. "ನನ್ನನ್ನೇನು ದಡ್ಡ ಅಂದ್ಕೊಂಡ್ರಾ?" ಎನ್ನುತ್ತಾರೆ. ಆಮೇಲೆ ಆ ಕಡೆ ಸ್ವಿಚ್ಚು ಟಕ್ಕೆಂದದ್ದು ಕೇಳುತ್ತದೆ. ಆಮೇಲೆ ಫೋನು ಕಟ್ಟಾಗುತ್ತದೆ. ಹೆಂಗಸರು ಹಾಗಲ್ಲ. ಸ್ವಿಚ್ ಹಾಕಿ, ನಕ್ಕು, ತಮ್ಮ ಸಂಸಾರದ ಕಥೆ ಶುರು ಮಾಡುತ್ತಾರೆ.

ಮನೆಗೆ ಬಂದರೆ ಅಲ್ಲೂ ದೂರು ವಿಭಾಗವೇ. ಅತ್ತೆಗೆ ಮಂಡಿನೋವು, ಗಂಡನಿಗೆ ಮೇಲಧಿಕಾರಿಯ ಕಾಟ, ಮೈದುನನಿಗೆ ಕಾಲಿಗೆ ಸರಿಹೋಗುವ ಶೂ ಸಿಗದ ಸಂಕಟ. ಎಲ್ಲರೂ ಒಳ್ಳೆಯವರೇ, ಆದರೆ ಎಲ್ಲರಿಗೂ ನನ್ನ ಕಿವಿಯೇ ಬೇಕು. ಹಾಗಾಗಿ ಸಂಜೆ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ನಾನು ಕೂಡಲೇ ಇಳಿಯುತ್ತಿರಲಿಲ್ಲ. ಸೀಟನ್ನು ಹಿಂದಕ್ಕೆ ಬಾಗಿಸಿ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದೆ. ಹಾಡಿಲ್ಲ, ಫೋನಿಲ್ಲ. ಆ ಅರ್ಧ ಗಂಟೆ ಇರದಿದ್ದರೆ ಎಂದೋ ಯಾರ ಮೇಲಾದರೂ ತಟ್ಟೆ ಎಸೆದಿರುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ.

ತೊಂದರೆ ಶುರುವಾದದ್ದು ಹಿಂದಿನ ಬಾಗಿಲಿನಿಂದ. ಬಾಗಿಲು ಹಾಕಿದಾಗ ಒತ್ತಿಕೊಂಡು ಲೈಟು ಆರಿಸುವ ಸಣ್ಣ ಪಿನ್ನೊಂದು ಚೌಕಟ್ಟಿನಲ್ಲಿದೆ. ಅದಕ್ಕೆ ತುಕ್ಕು ಹಿಡಿದು, ಬಾಗಿಲು ಹಾಕಿದರೂ ಲೈಟು ಉರಿಯುತ್ತಲೇ ಇರುವಂತಾಯಿತು. ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಅತ್ತೆಗೆ ಕಾರಿನೊಳಗೆ ಕಣ್ಣು ಮುಚ್ಚಿ ಕೂತ ಸೊಸೆ ಕಂಡಳು. "ಅಯ್ಯೋ, ಅವಳಿಗೇನಾಯ್ತು ನೋಡ್ರೋ!" ಎಂದು ಕೂಗಿ ಇಡೀ ಮನೆಯನ್ನು ಶೆಡ್ಡಿಗೆ ಓಡಿಸಿದರು. ಏನೋ ನೆಪ ಹೇಳಿ ಇಳಿದೆ. ಮರುದಿನವೇ ಗುಂಡಿಯನ್ನು ನಡುವೆ ನಿಲ್ಲಿಸಿದೆ. ಕತ್ತಲಲ್ಲಿ ನನ್ನ ಅರ್ಧ ಗಂಟೆ ನನಗೆ ವಾಪಸು ಸಿಕ್ಕಿತು.

ಅದಕ್ಕೂ ಕಲ್ಲು ಬಿತ್ತು. ಒಂದು ಭಾನುವಾರ ನಮ್ಮವರ ಕನ್ನಡಕ ಸೀಟಿನ ಕೆಳಗೆ ಬಿತ್ತು. ಹುಡುಕಲು ಬಾಗಿಲು ತೆರೆದರೆ ಲೈಟಿಲ್ಲ. ನಮ್ಮವರು ನೀರು ಸರಬರಾಜು ಕಚೇರಿಯಲ್ಲಿ ಪೈಪು ಸೋರುವುದನ್ನು ಪತ್ತೆ ಮಾಡುವವರು. ಅವರ ಪ್ರಕಾರ ಲೋಕದಲ್ಲಿ ಏನೇ ಕೆಟ್ಟರೂ ಅದು ಸೋರಿಕೆಯೇ.

"ಕರೆಂಟ್ ಎಲ್ಲೋ ಸೋರ್ತಿದೆ ಕಣೇ," ಎಂದರು.

ಮೈದುನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವುದರಿಂದ ಮನೆಯಲ್ಲಿ ಅವನ ಹೆಸರು ಡಾಕ್ಟ್ರು. ಅವನು ಚಾವಣಿಯನ್ನು ಬೆರಳಿನಿಂದ ತಟ್ಟಿ ನೋಡಿ, "ಸೋರಿಕೆ ಅಲ್ಲಣ್ಣ, ಇದು ನರದ ತೊಂದರೆ. ಒಳಗೆ ವೈರು ವೀಕಾಗಿದೆ," ಎಂದ.

ಅತ್ತೆ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದವರು, "ಯಾರಾದ್ರೂ ಆರ್ಸಿದಾರೇನೋ ನೋಡ್ರೋ," ಎಂದರು.

ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ. ಆದರೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಅಮ್ಮಾ, ಕಾರು ಅಂದ್ರೆ ಬಚ್ಚಲುಮನೆ ಅಲ್ಲ, ಸ್ವಿಚ್ ಒತ್ತಿ ಆರ್ಸೋಕೆ," ಎಂದರು ನಮ್ಮವರು. ಆ ಗುಂಡಿ ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ನಿಟ್ಟುಸಿರುಬಿಟ್ಟೆ. ಫೋನಿನಲ್ಲಿ ದಿನಾ ಕೇಳಿ ಬೈಸಿಕೊಳ್ಳುವ ಪ್ರಶ್ನೆಯನ್ನು ಈ ಇಬ್ಬರೂ ಕೇಳಿಕೊಳ್ಳಲಿಲ್ಲವಲ್ಲ ಎಂದು ಮೊದಲ ಸಲ ಗಂಡಸರ ಅಹಂಕಾರಕ್ಕೆ ಕೈ ಮುಗಿದೆ.

ಅಲ್ಲಿಂದ ಶುರುವಾಯಿತು ಶಸ್ತ್ರಚಿಕಿತ್ಸೆ. ಫ್ಯೂಸುಗಳನ್ನೆಲ್ಲ ಕಿತ್ತು ತಟ್ಟೆಯಲ್ಲಿ ಹರಡಿದರು. ಎಲ್ಲವೂ ಚೆನ್ನಾಗಿದ್ದವು, ಯಾವುದು ಎಲ್ಲಿತ್ತು ಎನ್ನುವುದಷ್ಟೇ ಮರೆತುಹೋಯಿತು. ಬ್ಯಾಟರಿಯ ತಂತಿ ಬಿಚ್ಚಿದರು, ತಿಕ್ಕಿದರು, ಮತ್ತೆ ಬಿಗಿದರು. ಡಾಕ್ಟ್ರು ಬಾಗಿಲ ಪಕ್ಕದ ಪಟ್ಟಿ ಎಬ್ಬಿಸಿ, ಚಾವಣಿಯ ಬಟ್ಟೆಯೊಳಗೆ ಕೈ ತೂರಿಸಿ ವೈರು ಎಳೆದ. ಒಳಗೆಲ್ಲೋ ಟಪ್ಪೆಂದಿತು.

"ಏನದು?" ಎಂದರು ನಮ್ಮವರು.

"ಗ್ಯಾಸು," ಎಂದ ಡಾಕ್ಟ್ರು.

ಸಂಜೆಯ ಹೊತ್ತಿಗೆ ರೇಡಿಯೋ ಸತ್ತಿತ್ತು, ಗಡಿಯಾರ ನಿಂತಿತ್ತು, ಹಾರ್ನ್ ಮೂಕವಾಗಿತ್ತು. ನಮ್ಮವರು ಕೈ ತೊಳೆದುಕೊಂಡು ಬಂದು ತೀರ್ಪು ಕೊಟ್ಟರು: "ವೈರಿಂಗೇ ಹೋಗಿದೆ. ಇದಕ್ಕೆ ಇನ್ನು ಖರ್ಚು ಮಾಡೋದು ದಂಡ. ಗುಜರಿಯವನಿಗೆ ಬರೋಕೆ ಹೇಳ್ತೀನಿ. ನೀನು ಆರಾಮಾಗಿ ಆಫೀಸ್ ಬಸ್ಸಲ್ಲಿ ಹೋಗ್ಬಹುದು. ಮನೆ ಬಾಗಿಲಿಗೇ ಬಿಡ್ತಾರೆ."

ಮನೆ ಬಾಗಿಲಿಗೇ! ಎರಡು ದೂರು ವಿಭಾಗಗಳ ನಡುವೆ ನನಗಿದ್ದ ಒಂದೇ ಒಂದು ಬಿಡುವನ್ನು ಗುಜರಿಗೆ ಹಾಕಿ ಅದಕ್ಕೆ ಆರಾಮ ಎಂಬ ಹೆಸರು ಕೊಟ್ಟರು. ಕಸ ಹಾಕುವ ನೆಪ ಮಾಡಿ ಶೆಡ್ಡಿಗೆ ಓಡಿದೆ. ಲೈಟು ಉರಿಸಿ ತೋರಿಸಿದರೆ ಕಾರು ಉಳಿದೀತು ಎಂದುಕೊಂಡು ಗುಂಡಿಯನ್ನು ಸರಿಸಿದೆ. ಉರಿಯಲಿಲ್ಲ. ಇನ್ನೊಂದು ಕಡೆ ಸರಿಸಿದೆ. ಅಲ್ಲೂ ಇಲ್ಲ. ಚೆನ್ನಾಗಿದ್ದ ಲೈಟನ್ನು ಇಬ್ಬರೂ ಸೇರಿ ರಿಪೇರಿ ಮಾಡಿ ನಿಜವಾಗಿಯೂ ಕೆಡಿಸಿದ್ದರು. ಅಳು ಬಂತು. ಅಲ್ಲೇ ನಿಂತು ಅತ್ತುಬಿಟ್ಟೆ.

ಊಟಕ್ಕೆ ಕೂತಾಗ ಬಾಯಿಬಿಟ್ಟೆ. "ರೀ, ಲೈಟು ಕೆಟ್ಟಿರ್ಲಿಲ್ಲ. ನಾನೇ ಆಫ್ ಮಾಡಿದ್ದೆ. ಅಲ್ಲೇ ಒಂದು ಗುಂಡಿ ಇದೆ."

"ಗುಂಡಿನಾ?" ನಮ್ಮವರು ಕರುಣೆಯಿಂದ ನಕ್ಕರು. "ಅಷ್ಟು ಸುಲಭವಾಗಿದ್ರೆ ನಾವಿಬ್ರು ಇಡೀ ದಿನ ಒದ್ದಾಡ್ತಿದ್ವಾ?"

"ಅತ್ತಿಗೆ, ನೀವು ಬೇಜಾರ್ ಮಾಡ್ಕೋಬೇಡಿ. ನಿಮ್ಮದೇನೂ ತಪ್ಪಿಲ್ಲ," ಎಂದ ಡಾಕ್ಟ್ರು.

ನನಗೆ ರೇಗಿಹೋಯಿತು. "ತಪ್ಪು ಅಂತ ಯಾರ್ ಹೇಳಿದ್ರು? ಬೇಕು ಅಂತಾನೇ ಆರಿಸಿದ್ದು. ದಿನಾ ಸಂಜೆ ಆ ಕಾರಲ್ಲಿ ಒಬ್ಬಳೇ ಕೂತಿರ್ತೀನಿ. ನನ್ನ ಹತ್ರ ಯಾರೂ ಮಾತಾಡದೆ ಇರೋ ಜಾಗ ಈ ಊರಲ್ಲಿ ಅದೊಂದೇ. ಅದನ್ನ ಮಾರ್ಬೇಡಿ."

ಯಾರ ಕೈಯ ತುತ್ತೂ ಬಾಯಿಗೆ ಹೋಗಲಿಲ್ಲ. ನಮ್ಮವರ ಮುಖ ಸಣ್ಣದಾಯಿತು. "ನಮ್ಮಿಂದ ಏನಾದ್ರೂ ಆಯ್ತಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲ, ಸುಸ್ತಾಗುತ್ತದೆ ಅಷ್ಟೆ ಎಂದೆ. ಅತ್ತೆ ನನ್ನ ತಲೆ ಸವರಿದರು. ಸುಳ್ಳೇಕೆ ಹೇಳಲಿ, ಆ ಕ್ಷಣ ಅವರೆಲ್ಲರ ಮೇಲೆ ನನಗೆ ತುಂಬ ಪ್ರೀತಿ ಬಂತು.

ಆ ಪ್ರೀತಿಯೇ ಮುಳುವಾಯಿತು. ಕಾರನ್ನು ಮಾರಲಿಲ್ಲ. ನಮ್ಮವರು ರಜೆ ಹಾಕಿ ಗ್ಯಾರೇಜಿಗೆ ಒಯ್ದು, ಕಿತ್ತುಹೋಗಿದ್ದ ವೈರು ಸೇರಿಸಿ, ತುಕ್ಕು ಹಿಡಿದ ಪಿನ್ನು ಬದಲಾಯಿಸಿ, ಹಳದಿ ಬಲ್ಬಿನ ಜಾಗಕ್ಕೆ ಹಾಲಿನಂಥ ಬಿಳಿ ಎಲ್‌ಇಡಿ ಹಾಕಿಸಿಕೊಂಡು ಬಂದರು. "ಕತ್ತಲಲ್ಲಿ ಯಾಕೆ ಕೂರ್ಬೇಕು? ಇನ್ಮೇಲೆ ಬೆಳಕಲ್ಲೇ ಕೂತ್ಕೋ," ಎಂದು ಗುಂಡಿಯನ್ನು ತಾವೇ ಸದಾ ಉರಿಯುವ ಕಡೆಗೆ ಸರಿಸಿದರು. ಗುಂಡಿ ಇರುವುದು ಈಗ ಅವರಿಗೂ ಗೊತ್ತಾಗಿತ್ತು, ಗ್ಯಾರೇಜಿನವನು ತೋರಿಸಿದನಂತೆ. ನಾನು ಹೇಳಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ.

ಅಂದಿನ ಸಂಜೆ ನಾನು ಬಟ್ಟೆ ಅಂಗಡಿಯ ಗಾಜಿನ ಹಿಂದಿನ ಗೊಂಬೆಯ ಹಾಗೆ ಬೆಳ್ಳಗೆ ಬೆಳಗುತ್ತ ಕೂತಿದ್ದೆ. ಮೊದಲು ಅತ್ತೆ ಬೆನ್ನಿಗೆ ದಿಂಬು ತಂದರು. ಮಂಡಿ ನೋಯುತ್ತದೆಂದು ಹಿಂದಿನ ಸೀಟಿನಲ್ಲಿ ಸ್ವಲ್ಪ ಕೂತರು. ಆಮೇಲೆ ಡಾಕ್ಟ್ರು ಸುಸ್ತಿಗೆಂದು ಮಾತ್ರೆ ತಂದು, ಅದರ ಗುಣಗಳನ್ನು ವಿವರಿಸಲು ಅತ್ತೆಯ ಪಕ್ಕ ಕೂತ. ನಮ್ಮವರು ನನ್ನ ಪಕ್ಕದ ಸೀಟಿಗೆ ಬಂದು, "ನಾನು ಮಾತಾಡಲ್ಲ, ನೀನು ಸುಮ್ಮನೆ ಕೂತಿರು," ಎಂದು ಹೇಳಿ ಮೇಲಧಿಕಾರಿಯ ವಿಷಯ ತೆಗೆದರು.

"ಕಾಫಿ ತರ್ತೀನಿ," ಎಂದು ಇಳಿದೆ. ಯಾರೂ ತಡೆಯಲಿಲ್ಲ, ಮೂವರಿಗೂ ಕಾಫಿ ಬೇಕಿತ್ತು.

ಒಳಗೆ ಕಾಲಿಟ್ಟರೆ ಮನೆಯೆಲ್ಲ ನಿಶ್ಶಬ್ದ. ಟಿವಿ ಆರಿತ್ತು. ಅತ್ತೆಯ ಕುರ್ಚಿ ಖಾಲಿ. ಈ ಮನೆಗೆ ಬಂದ ಮೇಲೆ ಇದು ಹೀಗೆ ಬರಿದಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅಡುಗೆಮನೆಯ ಲೈಟು ಆರಿಸಿ, ಮಣೆ ಎಳೆದುಕೊಂಡು ಗೋಡೆಗೊರಗಿ ಕೂತೆ. ಕಾಲು ಚಾಚಿದೆ. ತಣ್ಣನೆಯ ನೆಲ ಹಿಮ್ಮಡಿಗೆ ಹಿತವೆನಿಸಿತು. ಕಣ್ಣು ಮುಚ್ಚಿದೆ.

ಹೊರಗಿನಿಂದ ನಮ್ಮವರ ದನಿ ಕೇಳಿತು.

"ಲೋ, ಅಡುಗೆಮನೆ ಲೈಟ್ ಹೋಗಿದೆ ನೋಡೋ! ಟೆಸ್ಟರ್ ತಗೊಂಡ್ ಬಾ!"

ಕಾರಿನ ಬಾಗಿಲುಗಳು ಒಂದರ ಹಿಂದೆ ಒಂದು ಧಡಧಡ ಮುಚ್ಚಿಕೊಂಡವು. ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ.